ಮಾಗಿಯ ಬೆಳಗಿನಲ್ಲಿ ಟ್ರ್ಯಾಕ್ಟರಿನ ಪವರ್ ಸ್ಟೀರಿಂಗ್ ಪಂಪು ನರಳುವುದೇಕೆ?

ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ದಾವಣಗೆರೆ ಮತ್ತು ಹರಿಹರ ತಾಲ್ಲೂಕುಗಳ ಟ್ರ್ಯಾಕ್ಟರ್ ಮಾಲೀಕರಿಂದ ಒಂದು ದೂರು ಕೇಳಿಬರುವುದುಂಟು. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿ ಸ್ಟೀರಿಂಗ್ ಚಕ್ರವನ್ನು ತಿರುಗಿಸಿದ ಕೂಡಲೆ ಮುಂಭಾಗದಿಂದ ಗೊಂಯ್ ಎಂದು ನರಳುವ ಸದ್ದು ಬರುತ್ತದೆ. ಹೊತ್ತೇರಿ ಎಂಜಿನ್ ಕಾದಂತೆ ಸದ್ದು ತಾನಾಗಿಯೇ ಅಡಗುತ್ತದೆ. ಚಳಿಗೆ ಹಾಗಾಗುತ್ತದೆ ಎಂದು ಕೆಲವರು ಸುಮ್ಮನಾಗುತ್ತಾರೆ. ಪಂಪು ಹೋಯಿತೆಂದು ಹೆದರಿ ಹೊಸ ಪಂಪು ಹಾಕಿಸುವವರೂ ಇದ್ದಾರೆ. ಸುಮ್ಮನಿದ್ದವರ ಪಂಪು ಒಂದೆರಡು ಹಂಗಾಮಿನಲ್ಲಿ ನಿಜವಾಗಿಯೂ ಹಾಳಾಗುತ್ತದೆ. ಹೊಸ ಪಂಪು ಹಾಕಿಸಿದವರಿಗೆ ಮುಂದಿನ ಮಾಗಿಯಲ್ಲಿ ಅದೇ ಸದ್ದು ಮತ್ತೆ ಕೇಳುತ್ತದೆ. ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ದೋಷ ಪಂಪಿನದಲ್ಲ, ಪಂಪಿಗೆ ಎಣ್ಣೆ ಬರುವ ದಾರಿಯದು.

ಮೊದಲು ನಮ್ಮ ಚಳಿ ಎಷ್ಟರದು ಎಂಬುದನ್ನು ನೋಡೋಣ. ಮಾಗಿಯಲ್ಲಿ ದಾವಣಗೆರೆಯ ಸುತ್ತಮುತ್ತ ಬೆಳಗಿನ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಕೆಲವು ದಿನ ಇನ್ನೂ ಎರಡು ಮೂರು ಡಿಗ್ರಿ ಕಡಿಮೆಯಾಗಬಹುದು. ಇಂಥವೇ ಟ್ರ್ಯಾಕ್ಟರುಗಳು ಪಂಜಾಬ್, ಹರಿಯಾಣಗಳಲ್ಲಿ ಇದಕ್ಕಿಂತ ಹತ್ತು ಡಿಗ್ರಿ ಕಡಿಮೆ ಚಳಿಯಲ್ಲೂ ಹೊಲಕ್ಕೆ ಇಳಿಯುತ್ತವೆ. ಎಣ್ಣೆಯ ಲೆಕ್ಕವೂ ಇದನ್ನೇ ಹೇಳುತ್ತದೆ. ಹೈಡ್ರಾಲಿಕ್ ಎಣ್ಣೆಯ ಡಬ್ಬಿಯ ಮೇಲೆ 46 ಅಥವಾ 68 ಎಂಬ ಅಂಕಿ ಇರುತ್ತದೆ. ಅದು 40 ಡಿಗ್ರಿ ಉಷ್ಣತೆಯಲ್ಲಿ ಆ ಎಣ್ಣೆಯ ಮಂದತನದ ಅಳತೆ. 68ರ ಎಣ್ಣೆ 15 ಡಿಗ್ರಿಗೆ ಇಳಿದಾಗ ಅದರ ಅಳತೆ ಸುಮಾರು 300ಕ್ಕೆ ಏರುತ್ತದೆ, ಎಂದರೆ ಎಣ್ಣೆ ನಾಲ್ಕು ಪಟ್ಟಿಗೂ ಮಿಕ್ಕಿ ಮಂದವಾಗುತ್ತದೆ. ಸುಸ್ಥಿತಿಯಲ್ಲಿರುವ ಗೇರ್ ಪಂಪು ಇಷ್ಟನ್ನು ತಾಳಿಕೊಳ್ಳುತ್ತದೆ. ಅರ್ಧ ನಿಮಿಷವೋ ಒಂದು ನಿಮಿಷವೋ ತುಸು ಗುಂಯ್‌ಗುಟ್ಟಿ ಸುಮ್ಮನಾದರೆ ಚಿಂತೆಯಿಲ್ಲ. ಐದು ಹತ್ತು ನಿಮಿಷ ನರಳಿದರೆ, ಅಥವಾ ಹೋದ ಮಾಗಿಯಲ್ಲಿ ಇಲ್ಲದ ಸದ್ದು ಈ ಮಾಗಿಯಲ್ಲಿ ಬಂದರೆ, ಒಳಗೆ ಮೊದಲೇ ಇದ್ದ ದೋಷವೊಂದನ್ನು ಚಳಿ ಹೊರಗೆಡವಿದೆ ಎಂದು ತಿಳಿಯಬೇಕು.

ಪಂಪ್‌ಸೆಟ್ಟಿನ ಪಾಠ

ತುಂಗಭದ್ರೆಯ ದಡದಲ್ಲಿ ಪಂಪ್‌ಸೆಟ್ ಇಟ್ಟುಕೊಂಡವರಿಗೆ ಈ ವಿಷಯ ಹೊಸದಲ್ಲ. ಸಕ್ಷನ್ ಪೈಪಿನ ಜೋಡಣೆ ಸಡಿಲವಾಗಿದ್ದರೆ ಅಲ್ಲಿಂದ ಒಂದು ತೊಟ್ಟು ನೀರೂ ಹೊರಕ್ಕೆ ಸೋರುವುದಿಲ್ಲ. ಆದರೂ ಪಂಪು ನೀರೆತ್ತದು. ನೀರು ಹೊರಬರುವ ಬದಲು ಗಾಳಿ ಒಳಹೋಗುತ್ತಿರುತ್ತದೆ. ಸ್ಟೀರಿಂಗ್ ಪಂಪಿನಲ್ಲಿಯೂ ನಡೆಯುವುದು ಇದೇ.

ಪಂಪು ಎಣ್ಣೆಯನ್ನು ಎಳೆದುಕೊಳ್ಳುತ್ತದೆ ಎನ್ನುವುದು ರೂಢಿಯ ಮಾತು. ವಾಸ್ತವವಾಗಿ, ಪಂಪು ತನ್ನ ಬಾಯಲ್ಲಿ ಜಾಗ ತೆರವು ಮಾಡುತ್ತದೆ, ಹೊರಗಿನ ವಾಯುಭಾರ ಎಣ್ಣೆಯನ್ನು ಅಲ್ಲಿಗೆ ತಳ್ಳುತ್ತದೆ. ಈ ತಳ್ಳುವ ಬಲ ಚದರ ಸೆಂಟಿಮೀಟರಿಗೆ ಹೆಚ್ಚೆಂದರೆ ಒಂದು ಕಿಲೋಗ್ರಾಂ. ಪಂಪಿನ ಆಚೆ ಬದಿಯಲ್ಲಾದರೋ ಇದರ ಹತ್ತಾರು ಪಟ್ಟು ಒತ್ತಡ ಹುಟ್ಟುತ್ತದೆ. ಆದ್ದರಿಂದ ಒತ್ತಡದ ಬದಿಯ ಸೋರಿಕೆ ಎಣ್ಣೆ ತೊಟ್ಟಿಕ್ಕಿಸಿ ತಾನಾಗಿ ಗೊತ್ತು ಮಾಡುತ್ತದೆ. ಬರುವ ಬದಿಯ ಸೋರಿಕೆ ಕಣ್ಣಿಗೆ ಬೀಳದೆ, ಸದ್ದಿನಿಂದ ಮಾತ್ರ ತಿಳಿಯುತ್ತದೆ.

ಎಣ್ಣೆ ಮಂದವಾದಾಗ, ದಾರಿ ಇಕ್ಕಟ್ಟಾದಾಗ ಅಥವಾ ಎಲ್ಲಿಯೋ ಗಾಳಿ ಸೇರಿದಾಗ ಪಂಪಿನ ಬಾಯಿಗೆ ಸಾಕಷ್ಟು ಎಣ್ಣೆ ಬರುವುದಿಲ್ಲ. ಎಣ್ಣೆಯಲ್ಲಿ ಅದರ ಗಾತ್ರದ ನೂರಕ್ಕೆ ಸುಮಾರು ಒಂಬತ್ತು ಭಾಗದಷ್ಟು ಗಾಳಿ ಕರಗಿಕೊಂಡಿರುತ್ತದೆ. ಬಾಯಲ್ಲಿ ಒತ್ತಡ ಕುಸಿದಾಗ ಈ ಗಾಳಿ ಗುಳ್ಳೆಗಳಾಗಿ ಹೊರಬೀಳುತ್ತದೆ. ಗುಳ್ಳೆಗಳು ಹಲ್ಲುಗಳ ನಡುವೆ ಸಾಗಿ ಒತ್ತಡದ ಬದಿಗೆ ಬಂದ ಕ್ಷಣ ಕುಸಿದು ಒಡೆಯುತ್ತವೆ. ನಾವು ಕೇಳುವ ನರಳಾಟ ಇದೇ. ಇದು ಬರೀ ಸದ್ದಲ್ಲ. ಗುಳ್ಳೆ ಒಡೆದಲ್ಲೆಲ್ಲಾ ಲೋಹದ ಕಣ ಕಿತ್ತು, ಪಂಪಿನ ಒಳಮೈ ಸಿಡುಬಿನ ಕಲೆ ಬಿದ್ದಂತಾಗುತ್ತದೆ.

ಬೆಳಗಿನ ದೂರು, ಮಧ್ಯಾಹ್ನದ ದೂರು

ದೋಷ ದಾರಿಯದೋ ಪಂಪಿನದೋ ಎಂಬುದನ್ನು ಯಾವ ಪಾನೆಯೂ ಇಲ್ಲದೆ ಬಹುಮಟ್ಟಿಗೆ ಗುರುತಿಸಬಹುದು. ದೂರು ದಿನದ ಯಾವ ಹೊತ್ತಿನಲ್ಲಿ ಹೆಚ್ಚು ಎಂಬುದನ್ನು ಎರಡು ದಿನ ಗಮನಿಸಿದರೆ ಸಾಕು.

ಎಣ್ಣೆ ಬರುವ ದಾರಿ ಕಟ್ಟಿದ್ದರೆ, ಮಂದ ಎಣ್ಣೆ ಅಲ್ಲಿ ನುಸುಳಲಾರದು. ಹಾಗಾಗಿ ಬೆಳಿಗ್ಗೆ ಸದ್ದು ಹೆಚ್ಚು, ಎಣ್ಣೆ ಕಾದು ತೆಳುವಾದಾಗ ಕಡಿಮೆ. ಪಂಪಿನ ಹಲ್ಲು ಮತ್ತು ಪಕ್ಕದ ತಟ್ಟೆಗಳು ಸವೆದಿದ್ದರೆ ಇದಕ್ಕೆ ತಿರುವುಮುರುವು. ಬೆಳಿಗ್ಗೆ ಮಂದ ಎಣ್ಣೆ ಸವಕಲನ್ನು ಮುಚ್ಚಿಕೊಳ್ಳುವುದರಿಂದ ಸ್ಟೀರಿಂಗ್ ಹಗುರವಾಗಿಯೇ ಇರುತ್ತದೆ. ಮಧ್ಯಾಹ್ನ ಎಣ್ಣೆ ಕಾದು ತೆಳುವಾದಾಗ ಒಳಗೊಳಗೇ ಹಿಂದಕ್ಕೆ ಜಾರಿ, ಎಂಜಿನ್ ನಿಧಾನ ಓಟದಲ್ಲಿದ್ದಾಗ ಚಕ್ರ ತಿರುಗಿಸಲು ರಟ್ಟೆಯ ಬಲ ಬೇಕಾಗುತ್ತದೆ. ಬೆಳಿಗ್ಗೆ ಸದ್ದು, ಮಧ್ಯಾಹ್ನ ಭಾರ ಎರಡೂ ಇದ್ದರೆ, ದಾರಿಯ ದೋಷವನ್ನು ಬಹಳ ದಿನ ಹಾಗೆಯೇ ಬಿಟ್ಟದ್ದರಿಂದ ಪಂಪೂ ಸವೆದಿದೆ ಎಂದರ್ಥ.

ಚಕ್ರವನ್ನು ಒಂದು ಕೊನೆಯವರೆಗೆ ತಿರುಗಿಸಿ ಹಿಡಿದಾಗ ಮಾತ್ರ ಬರುವ ಕೀರಲು ಸದ್ದು ಬೇರೆ. ಅದು ಹೆಚ್ಚಿನ ಒತ್ತಡವನ್ನು ಬಿಡುವ ವಾಲ್ವಿನ ಸದ್ದು, ರೋಗವಲ್ಲ. ಹಾಗೆ ಹಿಡಿಯುವ ಅಭ್ಯಾಸವೇ ಕೆಟ್ಟದ್ದು. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎಣ್ಣೆ ವಿಪರೀತ ಕಾಯುತ್ತದೆ. ಪಂಪನ್ನು ಬೆಲ್ಟಿನಿಂದ ತಿರುಗಿಸುವ ವಾಹನಗಳಲ್ಲಿ ಬೆಲ್ಟು ಸಡಿಲವಾದರೂ ಚಳಿಯಲ್ಲಿ ಕಿರುಚುತ್ತದೆ, ಅದನ್ನು ಮೊದಲು ಬಿಗಿ ಮಾಡಿ ನೋಡಬೇಕು.

ಪರೀಕ್ಷೆಯ ಕ್ರಮ

ಟ್ರ್ಯಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂದಿನ ಗಾಲಿಗಳನ್ನು ನೇರ ಮಾಡಿ, ಎಂಜಿನ್ ನಿಲ್ಲಿಸಿ ಎಣ್ಣೆಯ ಮಟ್ಟ ನೋಡಿ. ಕೆಲವು ಮಾದರಿಗಳಲ್ಲಿ ಸ್ಟೀರಿಂಗಿಗೆ ಬೇರೆಯೇ ಚಿಕ್ಕ ಟ್ಯಾಂಕಿ ಇರುತ್ತದೆ. ಮತ್ತೆ ಕೆಲವುಗಳಲ್ಲಿ ಗೇರ್ ಬಾಕ್ಸಿನ ಎಣ್ಣೆಯೇ ಸ್ಟೀರಿಂಗಿಗೂ ಹೋಗುತ್ತದೆ. ನಿಮ್ಮದು ಯಾವುದೆಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಮಟ್ಟ ಕಡಿಮೆಯಿದ್ದರೆ ತುಂಬಿಸಿ, ಅದು ಎಲ್ಲಿ ಹೋಯಿತೆಂದು ಹುಡುಕಿ. ಒತ್ತಡದ ಹೋಸಿನ ಸೋರಿಕೆಯನ್ನು ಎಂದಿಗೂ ಬರಿಗೈಯಿಂದ ಸವರಿ ನೋಡಬಾರದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಸೇರುತ್ತದೆ. ಹಾಗಾದರೆ ಗಾಯ ಚಿಕ್ಕದೆಂದು ಮನೆಯಲ್ಲಿ ಕೂರದೆ ಅಂದೇ ದೊಡ್ಡಾಸ್ಪತ್ರೆಗೆ ಹೋಗಬೇಕು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಹಿಡಿದರೆ ಸಾಕು.

ಸದ್ದು ಬರುತ್ತಿರುವಾಗಲೇ ಎಂಜಿನ್ ನಿಲ್ಲಿಸಿ, ಒಂದಿಷ್ಟು ಎಣ್ಣೆಯನ್ನು ಬಿಳಿ ಗಾಜಿನ ಸೀಸೆಗೆ ತೆಗೆದು ಬೆಳಕಿಗೆ ಹಿಡಿಯಿರಿ. ನೊರೆಯಿದ್ದು, ಅರ್ಧ ಗಂಟೆಯಲ್ಲಿ ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಬಂದರೆ ಅದು ಗಾಳಿ. ಹಾಲು ಬೆರೆಸಿದಂತೆ ಮಬ್ಬಾಗಿಯೇ ಉಳಿದರೆ ನೀರು. ಸಂದೇಹವಿದ್ದರೆ ಕಾದ ಕಬ್ಬಿಣದ ತಗಡಿನ ಮೇಲೆ ದೂರದಿಂದ ಒಂದೇ ತೊಟ್ಟು ಬಿಡಿ. ನೀರಿದ್ದರೆ ಒಗ್ಗರಣೆಗೆ ಸಾಸಿವೆ ಹಾಕಿದಂತೆ ಚಟಪಟ ಎನ್ನುತ್ತದೆ. ಭದ್ರಾ ನಾಲೆಯ ನೀರು ನಂಬಿದ ಮಲೇಬೆನ್ನೂರು ಕಡೆಯ ಗದ್ದೆಗಳಲ್ಲಿ ಬೇಸಿಗೆ ಭತ್ತಕ್ಕೆ ಕೆಸರು ಮಾಡುವುದು ಈ ಚಳಿಯಲ್ಲೇ. ಕೇಜ್ ವ್ಹೀಲ್ ಎರಚುವ ಕೆಸರುನೀರು ಟ್ಯಾಂಕಿಯ ಮುಚ್ಚಳದಿಂದ ಒಳಸೇರುವ ಸಂಭವ ಉಂಟು. ನೀರು ಕಂಡರೆ ಎಣ್ಣೆಯನ್ನು ಪೂರ್ತಿ ಬದಲಿಸುವುದೇ ದಾರಿ. ಸೀಸೆಯ ತಳದಲ್ಲಿ ಮಿರುಗುವ ಕಣಗಳು ಕಂಡರೆ ಪಂಪು ಸವೆಯತೊಡಗಿದೆ.

ಇನ್ನು ಎಲ್ಲಕ್ಕಿಂತ ಸುಲಭವಾದ, ಆದರೆ ಹೆಚ್ಚಿನವರು ಮರೆಯುವ ಪರೀಕ್ಷೆ. ಸ್ಟೀರಿಂಗಿಗೆ ಬೇರೆ ಟ್ಯಾಂಕಿ ಇದ್ದರೆ, ಬೆಳಿಗ್ಗೆ ಸದ್ದು ಬರುತ್ತಿರುವಾಗ ಅದರ ಮುಚ್ಚಳವನ್ನು ಒಂದು ಸುತ್ತು ಸಡಿಲಿಸಿ. ಸದ್ದು ಕೂಡಲೆ ಇಳಿದರೆ ಕಾಯಿಲೆ ಸಿಕ್ಕಿತು. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ರಂಧ್ರವಿರುತ್ತದೆ. ಅದು ಕಟ್ಟಿದರೆ ಟ್ಯಾಂಕಿಯೊಳಗೆ ವಾಯುಭಾರ ಕಡಿಮೆಯಾಗಿ ಎಣ್ಣೆಯನ್ನು ತಳ್ಳುವವರೇ ಇಲ್ಲದಂತಾಗುತ್ತದೆ. ನಮ್ಮ ಕಡೆ ಇದಕ್ಕೆ ವಿಶೇಷ ಕಾರಣವಿದೆ. ಮಾಗಿಗೆ ಸ್ವಲ್ಪ ಮುಂಚೆಯಷ್ಟೇ ಮೆಕ್ಕೆಜೋಳದ ಒಕ್ಕಣೆ ನಡೆದಿರುತ್ತದೆ. ಟ್ರ್ಯಾಕ್ಟರು ದಿನಗಟ್ಟಲೆ ಒಕ್ಕಣೆ ಯಂತ್ರದ ಪಕ್ಕದಲ್ಲಿ ನಿಂತು ರವದಿಯ ದೂಳು ಮೆತ್ತಿಕೊಂಡಿರುತ್ತದೆ. ಹೊಟ್ಟಿನ ದೂಳು ಎಣ್ಣೆಯ ಪಸೆಗೆ ಅಂಟಿ ಮೇಣದಂತೆ ಗಟ್ಟಿಯಾಗುತ್ತದೆ. ಮುಚ್ಚಳವನ್ನು ಡೀಸೆಲ್ಲಿನಲ್ಲಿ ತೊಳೆದು ಗಾಳಿ ಹೊಡೆಸಿದರೆ ಕೆಲಸ ಮುಗಿಯಿತು. ಎಷ್ಟೋ ಪಂಪುಗಳನ್ನು ಇಷ್ಟರಿಂದಲೇ ಉಳಿಸಬಹುದು.

ಮುಚ್ಚಳ ಸರಿಯಿದ್ದರೆ ಟ್ಯಾಂಕಿಯಿಂದ ಪಂಪಿಗೆ ಬರುವ ದಪ್ಪ ಹೋಸನ್ನು ನೋಡಿ. ಎಂಜಿನ್ ನಿಧಾನ ಓಟದಲ್ಲಿರಲಿ. ಅಂಗಿಯ ತೋಳು, ಟವೆಲ್ಲು ಫ್ಯಾನಿಗೆ ಸಿಗದಂತೆ ಎಚ್ಚರವಿರಲಿ. ಹೋಸಿನ ಒಂದೊಂದೇ ಜೋಡಣೆಯ ಸುತ್ತ ಗ್ರೀಸನ್ನು ದಪ್ಪಗೆ ಮೆತ್ತುತ್ತಾ ಹೋಗಿ. ಯಾವ ಜೋಡಣೆಗೆ ಮೆತ್ತಿದಾಗ ಸದ್ದು ಬದಲಾಗುವುದೋ ಅಲ್ಲಿಂದಲೇ ಗಾಳಿ ನುಗ್ಗುತ್ತಿದೆ. ಕ್ಲಿಪ್ಪು ಬಿಗಿ ಮಾಡಿ; ಹೋಸಿನ ತುದಿ ಒಣಗಿ ಸೀಳು ಬಿಟ್ಟಿದ್ದರೆ ಹೋಸನ್ನೇ ಬದಲಿಸಿ. ಚಳಿಯಲ್ಲಿ ಹಳೆಯ ರಬ್ಬರು ಬಿರುಸಾಗಿ ಕ್ಲಿಪ್ಪಿನ ಹಿಡಿತ ತಪ್ಪುತ್ತದೆ, ಕಾದ ಮೇಲೆ ಮೆತ್ತಗಾಗಿ ತಾನೇ ಕೂರುತ್ತದೆ. ಬೆಳಗಿನ ಸದ್ದು ಹತ್ತು ಗಂಟೆಗೆ ಮಾಯವಾಗಲು ಇದೂ ಒಂದು ಕಾರಣ.

ಹೋಸಿನ ಬಗ್ಗೆ ಇನ್ನೊಂದು ಮಾತು. ತುರ್ತಿಗೆಂದು ರೇಡಿಯೇಟರ್ ಪೈಪನ್ನೋ ನೀರಿನ ಪೈಪನ್ನೋ ಕತ್ತರಿಸಿ ಹಾಕುವುದುಂಟು. ನೀರಿಗೆಂದು ಮಾಡಿದ ರಬ್ಬರು ಎಣ್ಣೆಯಲ್ಲಿ ಊದಿಕೊಂಡು ಒಳಗಿನ ದಾರಿಯನ್ನು ಅರ್ಧ ಮುಚ್ಚುತ್ತದೆ. ಹೊರಗಿನಿಂದ ನೋಡಿದರೆ ಪೈಪು ಹೊಸದರಂತೆಯೇ ಇರುತ್ತದೆ. ಎಣ್ಣೆಗೆಂದೇ ಮಾಡಿದ, ಮೊದಲಿದ್ದಷ್ಟೇ ಒಳ ಅಗಲವುಳ್ಳ, ಎಳೆತಕ್ಕೆ ಚಪ್ಪಟೆಯಾಗದ ಹೋಸನ್ನೇ ಕೇಳಿ ಕೊಳ್ಳಬೇಕು.

ಬಳಿಕ ಜಾಲರಿ. ಟ್ಯಾಂಕಿಯ ತಳದಲ್ಲಿರುವ ಜಾಲರಿಯನ್ನು ತೆಗೆದು ಡೀಸೆಲ್ಲಿನಲ್ಲಿ ತೊಳೆದು, ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸಿ ಒಣಗಿಸಬೇಕು. ಕಾಗದದ ಫಿಲ್ಟರಾದರೆ ತೊಳೆಯದೆ ಬದಲಿಸಬೇಕು. ಟ್ಯಾಂಕಿಯ ಒಳಗನ್ನು ಒರೆಸಲು ನೂಲಿನ ವೇಸ್ಟು ಬಳಸಲೇಬಾರದು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯಲ್ಲಿ ವರ್ಕ್‌ಶಾಪುಗಳ ಕೈಗೆ ಮೊದಲು ಸಿಗುವುದೇ ಅದು. ಅದರ ಎಳೆಗಳು ಉಳಿದು ಜಾಲರಿಗೆ ಸುತ್ತಿಕೊಂಡರೆ ತೊಳೆದದ್ದೂ ವ್ಯರ್ಥ. ಎಳೆ ಬಿಡದ ಹಳೆಯ ಮೆತ್ತನೆಯ ಬಟ್ಟೆಯೇ ಲೇಸು.

ಎಣ್ಣೆಯ ಆಯ್ಕೆ

ಮಟ್ಟ ಕಡಿಮೆಯಾದಾಗ ಮನೆಯಲ್ಲಿ ಉಳಿದಿದ್ದ 90ರ ಗೇರ್ ಎಣ್ಣೆಯನ್ನು ಸ್ಟೀರಿಂಗ್ ಟ್ಯಾಂಕಿಗೆ ಸುರಿಯುವುದು ಸಾಮಾನ್ಯ ತಪ್ಪು. 68ರ ಹೈಡ್ರಾಲಿಕ್ ಎಣ್ಣೆಗಿಂತ ಇದು ಸುಮಾರು ಮೂರು ಪಟ್ಟು ಮಂದ. ಇಲ್ಲಿ 90 ಎಂಬ ಅಂಕಿ ಬೇರೆ ಅಳತೆಗೋಲಿನದು. ಅದನ್ನು 68ರ ಪಕ್ಕದಲ್ಲಿಟ್ಟು ಸ್ವಲ್ಪವೇ ಹೆಚ್ಚು ಎಂದುಕೊಳ್ಳಬಾರದು. ಮಾಗಿಯ ಬೆಳಿಗ್ಗೆ ಇದರ ಮಂದತನ ಹೈಡ್ರಾಲಿಕ್ ಎಣ್ಣೆಯ ಅಳತೆಯಲ್ಲಿ ಸಾವಿರವನ್ನು ಮುಟ್ಟುತ್ತದೆ. ಗೇರ್ ಪಂಪು ತಾಳಬಲ್ಲ ಮಿತಿಯೇ ಹೆಚ್ಚುಕಡಿಮೆ ಅಲ್ಲಿಗೆ ಬಂತು. ಸದ್ದು ಮಾಡುವ ಪಂಪಿಗೆ ಗಟ್ಟಿ ಎಣ್ಣೆ ಹಾಕಿದರೆ ಸರಿಹೋಗುತ್ತದೆ ಎಂಬ ಸಲಹೆ ಸವೆದ ಪಂಪಿನ ಮಧ್ಯಾಹ್ನದ ದೂರನ್ನು ಕೆಲದಿನ ಮರೆಸಬಹುದು, ಬೆಳಗಿನ ದೂರನ್ನು ಇಮ್ಮಡಿಸುತ್ತದೆ. ಕೈಪಿಡಿ ಹೇಳಿದ ಎಣ್ಣೆಯನ್ನೇ ಹಾಕಬೇಕು, ಎರಡು ಬಗೆಯನ್ನು ಬೆರೆಸಬಾರದು.

ಎಣ್ಣೆ ಬದಲಿಸಿದ ಮೇಲೆ ಸಿಕ್ಕಿಕೊಂಡ ಗಾಳಿಯನ್ನು ಹೊರಡಿಸಬೇಕು. ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತಿ, ಕೆಳಗೆ ಭದ್ರವಾದ ಮರದ ದಿಮ್ಮಿ ಇಡಿ, ಜಾಕಿಯೊಂದನ್ನೇ ನಂಬಬೇಡಿ. ಎಂಜಿನ್ ಚಾಲೂ ಮಾಡದೆ ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ಹತ್ತು ಹದಿನೈದು ಸಲ ನಿಧಾನವಾಗಿ ತಿರುಗಿಸಿ, ಕಡಿಮೆಯಾದಷ್ಟು ಎಣ್ಣೆ ತುಂಬಿಸಿ. ಆಮೇಲೆ ಎಂಜಿನ್ ನಿಧಾನ ಓಟದಲ್ಲಿಟ್ಟು ಅದೇ ಕೆಲಸ ಮಾಡಿ. ನೊರೆ ನಿಲ್ಲುವವರೆಗೂ ಆಕ್ಸಿಲರೇಟರ್ ಮುಟ್ಟಬೇಡಿ. ಮುಂದೆ ಪ್ರತಿದಿನವೂ ಚಳಿಯ ಬೆಳಿಗ್ಗೆ ಎಂಜಿನ್ನನ್ನು ಮೂರು ನಾಲ್ಕು ನಿಮಿಷ ನಿಧಾನವಾಗಿ ಓಡಿಸಿ, ಚಕ್ರವನ್ನು ಎರಡೂ ಕಡೆಗೆ ಅರ್ಧದಷ್ಟು ಮೆಲ್ಲಗೆ ಆಡಿಸಿ ಹೊರಡಬೇಕು. ಎಣ್ಣೆ ಕಾಯಿಸಲು ಟ್ರ್ಯಾಕ್ಟರಿನಡಿ ಹುಲ್ಲಿನ ಬೆಂಕಿ ಹಾಕುವ ಸಾಹಸ ಬೇಡ.

ಪಂಪು ನಿಜವಾಗಿಯೂ ಸವೆದಿದ್ದರೆ

ಮೇಲಿನದೆಲ್ಲ ಮಾಡಿದ ನಂತರವೂ ಮಧ್ಯಾಹ್ನದ ದೂರು ಉಳಿದರೆ, ಮೆಕ್ಯಾನಿಕ್ ಬಳಿ ಪ್ರೆಶರ್ ಗೇಜ್ ಹಾಕಿಸಿ ಒತ್ತಡ ನೋಡಿಸಿ, ಅಂಕಿಯನ್ನು ಕೈಪಿಡಿಯೊಂದಿಗೆ ತಾಳೆ ನೋಡಿ. ಗೇಜ್ ಇಲ್ಲದೆ ಪಂಪು ಬದಲಿಸಲು ಹೇಳುವವರ ಮಾತಿಗೆ ಒಪ್ಪಬೇಡಿ.

ಹರಿಹರ ಲೇತಿನ ಊರು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದಲ್ಲೆಲ್ಲ ಹೆಸರಾಗಿದ್ದವು. ಕಾರ್ಖಾನೆ ಮುಚ್ಚಿದ ಮೇಲೂ ಏನನ್ನಾದರೂ ಲೇತಿಗೆ ಕೊಟ್ಟು ಸರಿಮಾಡಿಸಬಹುದೆಂಬ ಧೈರ್ಯ ನಮ್ಮ ಜನರಲ್ಲಿದೆ. ಪಿನ್ನು, ಬುಷ್ಷುಗಳಿಗೆ ಅದು ಸರಿಯೇ. ಆದರೆ ಗೇರ್ ಪಂಪಿನ ಹಲ್ಲಿಗೂ ಪಕ್ಕದ ತಟ್ಟೆಗೂ ಇರುವ ಸಂದು ತಲೆಗೂದಲ ದಪ್ಪಕ್ಕಿಂತ ಕಡಿಮೆ. ಸಿಡುಬಿನ ಕಲೆ ಬಿದ್ದ ತಟ್ಟೆಯನ್ನು ಲೇತಿನಲ್ಲಿ ಹೆರೆದರೆ ಈ ಸಂದು ಹೆಚ್ಚಿ ಪಂಪು ಮೊದಲಿಗಿಂತ ಬಲಹೀನವಾಗುತ್ತದೆ. ಷಾಫ್ಟಿನ ಸೀಲು ಮಾತ್ರ ಹೋಗಿದ್ದರೆ ಸೀಲು ಬದಲಿಸಬಹುದು. ಒಳಮೈ ಸವೆದಿದ್ದರೆ ಪಂಪನ್ನೇ ಬದಲಿಸಬೇಕು. ಹೊಸ ಪಂಪು ಕೂರಿಸುವ ಮೊದಲು ಟ್ಯಾಂಕಿ ತೊಳೆದು, ಎಣ್ಣೆ ಬರುವ ಹೋಸು ಮತ್ತು ಜಾಲರಿಗಳನ್ನು ನೋಡಿ, ಪಂಪಿನ ಬಾಯಿಗೆ ಎಣ್ಣೆ ಹಾಕಿ ಷಾಫ್ಟನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿರಬೇಕು. ಒಣ ಪಂಪು ಮೊದಲ ಕೆಲವು ಸೆಕೆಂಡುಗಳಲ್ಲೇ ಗೀರು ಬೀಳುತ್ತದೆ.

ದುರಸ್ತಿ ಮುಗಿಯುವವರೆಗೆ ಕಬ್ಬು, ಭತ್ತ ತುಂಬಿದ ಟ್ರೇಲರನ್ನು ಹರಿಹರ–ದಾವಣಗೆರೆ ಹೆದ್ದಾರಿಗೆ ತರಬಾರದು. ಇಂದಿನ ಬಹುತೇಕ ಪವರ್ ಸ್ಟೀರಿಂಗ್ ಟ್ರ್ಯಾಕ್ಟರುಗಳಲ್ಲಿ ಸ್ಟೀರಿಂಗ್ ಚಕ್ರಕ್ಕೂ ಮುಂದಿನ ಗಾಲಿಗೂ ನಡುವೆ ಕಬ್ಬಿಣದ ಸಂಪರ್ಕವೇ ಇಲ್ಲ, ಇರುವುದು ಎಣ್ಣೆ ಮಾತ್ರ. ಪಂಪು ನಿಂತರೂ ರಟ್ಟೆಯ ಬಲದಿಂದ ತಿರುಗಿಸಲು ಬರುತ್ತದೆ, ನಿಜ. ಆದರೆ ಎಣ್ಣೆಯಲ್ಲಿ ಗಾಳಿ ತುಂಬಿದ್ದರೆ ಚಕ್ರ ತಿರುಗಿಸಿದಷ್ಟು ಗಾಲಿ ತಿರುಗುವುದಿಲ್ಲ.