ಹರಾಜಿನ ಮನೆ: ಕೂಗಿದ ಬೆಲೆಗೇ ಮುಗಿಯುವುದಿಲ್ಲ

ಹಾವೇರಿ ತಾಲ್ಲೂಕಿನ ಅಗಡಿಯಲ್ಲಿ ನಾನು ಕೊಂಡದ್ದು ನಾಲ್ಕು ಮಳೆಗಾಲ ಬೀಗ ಜಡಿದುಕೊಂಡಿದ್ದ ಹಂಚಿನ ಮನೆ. ಸಾಲ ತೀರದೆ ಬ್ಯಾಂಕು ವಶಪಡಿಸಿಕೊಂಡು ಹರಾಜಿಗಿಟ್ಟಿತ್ತು. 8.40 ಲಕ್ಷ ರೂಪಾಯಿಗೆ ನನ್ನ ಹೆಸರಿಗೆ ನಿಂತಿತು. ಹಾಲು ಉಕ್ಕಿಸುವ ಹೊತ್ತಿಗೆ ಖರ್ಚು 13.40 ಲಕ್ಷ. ಆ ಐದು ಲಕ್ಷವನ್ನು ಕೂಗುವ ಮೊದಲೇ ಲೆಕ್ಕಕ್ಕೆ ಹಿಡಿಯಬೇಕಿತ್ತು.

ಬ್ಯಾಂಕು ಹೀಗೆ ಸಾಲದ ಮನೆ ಮಾರುವ 2002ರ ಸರ್ಫೇಸಿ ಕಾಯ್ದೆಯ ಹರಾಜಿಗೆ ಹೋಗುವವರ ಕೈಯಲ್ಲಿ ದುಡ್ಡು ಸಿದ್ಧವಿರಬೇಕು. ಮುಂಗಡ ಠೇವಣಿಯೂ ಸೇರಿ ಕೂಗಿದ ಬೆಲೆಯ ಶೇ 25ರಷ್ಟನ್ನು ಅಂದೇ, ತಪ್ಪಿದರೆ ಮರು ಕೆಲಸದ ದಿನ ಕಟ್ಟಬೇಕು. ಮಾರಾಟ ಖಾತ್ರಿಯಾದ 15 ದಿನದಲ್ಲಿ ಉಳಿದದ್ದು. ಬ್ಯಾಂಕು ಬರೆದುಕೊಟ್ಟರೆ ಹೆಚ್ಚೆಂದರೆ 3 ತಿಂಗಳು. ತಪ್ಪಿದರೆ ಕಟ್ಟಿದ್ದೂ ಹೋಗುತ್ತದೆ.

ಪ್ರಕಟಣೆಯಲ್ಲಿ ‘ಇದ್ದಲ್ಲಿ, ಇದ್ದಂತೆ’ ಎಂದಿರುತ್ತದೆ. ಸೋರುವ ಮಾಡು ಮಾತ್ರವಲ್ಲ, ಹಳೆಯ ಬಾಕಿಯೂ ಆ ಮಾತಿನೊಳಗೇ ಬರಬಹುದು. ಕರೆಂಟ್ ಬಾಕಿ, ಪಂಚಾಯಿತಿ ಕರ ಸೇರಿ ನಾನು 15 ಸಾವಿರ ಕಟ್ಟಿದೆ. ನೋಂದಣಿಗೆ 60 ಸಾವಿರ. ಹಾಗಾಗಿ ಠೇವಣಿ ಇಡುವ ಮೊದಲೇ ಋಣಭಾರ ಪತ್ರ ತೆಗೆಸಿ, ಪಂಚಾಯಿತಿಯ ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡಿ. ಬ್ಯಾಂಕಿಗೆ ಸ್ವಾಧೀನ ಕಾಗದದಲ್ಲಷ್ಟೇ ಸಿಕ್ಕಿದೆಯೋ, ಕೀಲಿಯೂ ಅವರ ಕೈಯಲ್ಲಿದೆಯೋ ಕೇಳಿ. ಒಳಗೆ ಯಾರಾದರೂ ವಾಸವಿದ್ದರೆ ಬಿಡಿಸಿಕೊಳ್ಳಲು ತಿಂಗಳುಗಳೇ ಹಿಡಿದಾವು.

ರಿಪೇರಿಯಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಮಣ್ಣಿನ ಗೋಡೆಗೆ ಸಿಮೆಂಟ್ ಗಿಲಾವ್ ಬಳಿಸಿ ಬಣ್ಣ ಹೊಡೆಸಿದೆ. ಮಿರಗದ ಮಳೆಗೆ ಎಲ್ಲವೂ ಉಬ್ಬಿ ಕಳಚಿತು; 40 ಸಾವಿರ ನೀರಿಗೆ. “ಗೋಡಿ ಗಟ್ಟಿ ಐತ್ರೀ ಅಕ್ಕಾರ, ಕುತ್ತು ಮ್ಯಾಲಿಂದ ಬಂದೈತಿ. ಮೊದ್ಲ ಮಾಡ ಸರಿ ಮಾಡ್ಸ್ರಿ,” ಎಂದ ಹಿರಿಯ ಗೌಂಡಿ. ಗೆದ್ದಲು ತಿಂದ ತೊಲೆ, ಜಂತಿ ಬದಲಿಸಿ ಹಂಚು ಹೊದಿಸಲು 2.10 ಲಕ್ಷ, ವೈರಿಂಗ್, ನಳಕ್ಕೆ 85 ಸಾವಿರ, ನೆಲ ಮತ್ತು ಸುಣ್ಣದ ಗಿಲಾವಿಗೆ 90 ಸಾವಿರ. ಮಣ್ಣಿನ ಗೋಡೆಯ ತೇವ ಸುಣ್ಣದ ಮೂಲಕ ಆರುತ್ತದೆ, ಸಿಮೆಂಟಿನ ಹಿಂದೆ ಸಿಕ್ಕಿಕೊಳ್ಳುತ್ತದೆ.

ಮೊದಲ ದಿನ ಬೀಗ ತೆಗೆದಾಗ ಹಿಂದಿನವರು ಕಟ್ಟಿದ ಮಾವಿನ ತೋರಣ ಬಾಗಿಲಲ್ಲೇ ಒಣಗಿತ್ತು. ಕಾಯ್ದೆ ಅವರಿಗೂ 60 ದಿನಗಳ ನೋಟಿಸ್ ಕೊಡಿಸುತ್ತದೆ. ಹರಾಜಿನ ಪ್ರಕಟಣೆ ಹೊರಬೀಳುವ ಮೊದಲು ಬಾಕಿಯನ್ನೆಲ್ಲ ತೀರಿಸಿದರೆ ಮನೆ ಉಳಿಯುತ್ತದೆ. ಕಂತು ತಪ್ಪಿದವರಿಗೆ ನನ್ನ ಕಳಕಳಿಯ ಮಾತಿಷ್ಟೇ: ನೋಟಿಸನ್ನು ಗೋಡೆಯ ಗೂಡಿನಲ್ಲಿ ಇಟ್ಟು ಮರೆಯಬೇಡಿ, ಅದನ್ನು ಹಿಡಿದುಕೊಂಡು ಅಂದೇ ಬ್ಯಾಂಕಿಗೆ ಹೋಗಿ.