ಒಂದು ಪದ, ಹಲವು ಅರ್ಥ: ‘ಹೆಸ್ಸಿಯನ್’

ಮೂಲ: ಜರ್ಮನಿಯ ಹೆಸ್ಸೆ ಪ್ರಾಂತ್ಯ. ರಾಜಧಾನಿ ವೀಸ್‌ಬಾಡೆನ್; ದೊಡ್ಡ ನಗರ ಫ್ರಾಂಕ್‌ಫರ್ಟ್.

1. ಬಟ್ಟೆ: ಸಾದಾ ನೇಯ್ಗೆಯ ಸೆಣಬಿನ ಬಟ್ಟೆ. ಅಮೆರಿಕದಲ್ಲಿ ‘ಬರ್ಲ್ಯಾಪ್’. ಮನೆ ಕಟ್ಟುವಾಗ ಪಿಲ್ಲರ್‌ಗಳಿಗೆ ಸುತ್ತಿ ನೀರುಣಿಸುವ ಗೋಣಿತಟ್ಟು ಇದೇ ಬಳಗದ್ದು.

2. ಸೈನಿಕರು: ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ (1775–83) ಬ್ರಿಟನ್ ಬಾಡಿಗೆಗೆ ಪಡೆದ ಜರ್ಮನ್ ಪಡೆ. 1776ರ ಡಿಸೆಂಬರ್ 26ರಂದು ಟ್ರೆಂಟನ್‌ನಲ್ಲಿ ಅಮೆರಿಕದ ಸೇನಾಪತಿ ವಾಷಿಂಗ್ಟನ್ ಎದುರು ಸೋಲು.

3. ಕೀಟ: ಹೆಸ್ಸಿಯನ್ ನೊಣ, ಗೋಧಿ ಬೆಳೆಯ ಪೀಡೆ. ಆ ಸೈನಿಕರ ಹುಲ್ಲಿನೊಂದಿಗೆ ಅಮೆರಿಕಕ್ಕೆ ಬಂತೆಂಬ ನಂಬಿಕೆಯಿಂದ ಈ ಹೆಸರು.

4. ಧಾತು: ಹ್ಯಾಸಿಯಂ, ಪರಮಾಣು ಸಂಖ್ಯೆ 108. 1984ರಲ್ಲಿ ಹೆಸ್ಸೆಯ ಡಾರ್ಮ್‌ಸ್ಟಾಟ್ ನಗರದಲ್ಲಿ ಸೃಷ್ಟಿ. ಹೆಸ್ಸೆಯ ಲ್ಯಾಟಿನ್ ಹೆಸರಿನಿಂದ ಬಂದದ್ದು.

ಗೊಂದಲ ಬೇಡ:
• ಹೆಸ್ಸಿಯನ್ ಮ್ಯಾಟ್ರಿಕ್ಸ್: ಪ್ರಾಂತ್ಯದಿಂದಲ್ಲ, ಗಣಿತಜ್ಞ ಒಟ್ಟೊ ಹೆಸ್ಸೆ (1811–74) ಹೆಸರಿನಿಂದ.
• ಹರ್ಮನ್ ಹೆಸ್ಸೆ: ‘ಸಿದ್ಧಾರ್ಥ’ (1922) ಕಾದಂಬರಿಕಾರ, ಸಾಹಿತ್ಯ ನೊಬೆಲ್ 1946.
• ಹೆಸ್ಸಿಯನ್: ಹಗುರ, ಸಾದಾ ನೇಯ್ಗೆ. ಧಾನ್ಯದ ಚೀಲದ ‘ಸ್ಯಾಕಿಂಗ್’: ಹೆಚ್ಚು ದಪ್ಪ, ಭಾರ.
• 108 ಹ್ಯಾಸಿಯಂ: ಪ್ರಾಂತ್ಯದ ಹೆಸರು. 110 ಡಾರ್ಮ್‌ಸ್ಟಾಟಿಯಂ: ನಗರದ ಹೆಸರು. 32 ಜರ್ಮೇನಿಯಂ: ದೇಶದ ಹೆಸರು.

ನೆನಪಿನ ಸೂತ್ರ: ಬಟ್ಟೆ–ಭಟ–ನೊಣ–ಧಾತು ಪ್ರಾಂತ್ಯದ್ದು, ಮ್ಯಾಟ್ರಿಕ್ಸ್ ವ್ಯಕ್ತಿಯದ್ದು.