ಹಾಸ್ಟೆಲ್ಲೋ, ಊರೋ? ಮೊದಲು ಪಟ್ಟಿಯಲ್ಲಿ ಹೆಸರಿರಲಿ

ಹಾಸ್ಟೆಲ್ ಮೆಸ್ಸಿನಲ್ಲಿ ಚುನಾವಣೆ ಮಾತು ಬಂದಾಗಲೆಲ್ಲ ಒಬ್ಬರಾದರೂ ಅಂತಾರೆ: "ನಮ್ಮ ಒಂದ್ ವೋಟಿನಿಂದ ಏನಾಗ್ತದ, ಬಿಡೋ." ಎಂಜಿನಿಯರಿಂಗ್ ಓದೋರು ನಾವು, ಲೆಕ್ಕ ಹಾಕಿಯೇ ನೋಡೋಣ. 2018ರ ವಿಧಾನಸಭಾ ಚುನಾವಣೆಯಲ್ಲಿ ಹಿರೇಕೆರೂರಿನಲ್ಲಿ ಗೆದ್ದವರಿಗೂ ಎರಡನೇ ಸ್ಥಾನದವರಿಗೂ ತಲಾ 70 ಸಾವಿರಕ್ಕಿಂತ ಹೆಚ್ಚು ಮತ ಬಿದ್ದಿದ್ದವು. ಅಂತರ ಮಾತ್ರ 555. ಕ್ಯಾಂಪಸ್ಸಿನ ಒಂದೆರಡು ಬ್ಯಾಚ್ ಸೇರಿದರೆ ಅಷ್ಟು ಜನ ಆಗಿಬಿಡ್ತೇವೆ.

ಈ ಹಕ್ಕು ನಮ್ಮ ವಯಸ್ಸಿನವರಿಗೆ ಮೊದಲಿನಿಂದಲೂ ಇರಲಿಲ್ಲ. ಸಂವಿಧಾನದ 61ನೇ ತಿದ್ದುಪಡಿ 1989ರಲ್ಲಿ ಜಾರಿಗೆ ಬಂದ ಮೇಲೆ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು.

ಈಗ ನಮ್ಮ ಮುಂದಿರುವ ಪ್ರಶ್ನೆ: ಹೆಸರು ಎಲ್ಲಿ ಸೇರಿಸೋದು? ಹಾಸ್ಟೆಲ್ಲಿನಲ್ಲಿ ಇರೋರು ಊರಿನ ವಿಳಾಸವನ್ನಾದರೂ ಕೊಡಬಹುದು, ಹಾಸ್ಟೆಲ್ಲಿನ ವಿಳಾಸವನ್ನಾದರೂ ಕೊಡಬಹುದು. ಎರಡೂ ಕಡೆ ಮಾತ್ರ ಕಾನೂನು ಒಪ್ಪುವುದಿಲ್ಲ. ಹಾಸ್ಟೆಲ್ ವಿಳಾಸವಾದರೆ ಅರ್ಜಿಯ ಜೊತೆ ಕಾಲೇಜಿನ ಮುಖ್ಯಸ್ಥರಿಂದ ಬೋನಾಫೈಡ್ ಪ್ರಮಾಣಪತ್ರ ಇಡಬೇಕು.

ವಿಳಾಸ ಬದಲಾದರೆ ಕ್ಷೇತ್ರವೂ ಬದಲಾಗ್ತದೆ. ಸವಣೂರು ತಾಲ್ಲೂಕು ಕೇಂದ್ರವಾದರೂ ಅದರ ಹೆಸರಿನ ವಿಧಾನಸಭಾ ಕ್ಷೇತ್ರ ಇಲ್ಲ. ಸವಣೂರು ಪಟ್ಟಣದವರು ಶಿಗ್ಗಾಂವಿ ಕ್ಷೇತ್ರದಲ್ಲಿ ಮತ ಹಾಕ್ತಾರೆ. ಹಾನಗಲ್, ಹಿರೇಕೆರೂರು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ, ಹಾವೇರಿ ಜಿಲ್ಲೆಯಲ್ಲೇ ಇರುವ ಶಿಗ್ಗಾಂವಿ ಧಾರವಾಡ ಲೋಕಸಭೆಗೆ ಸೇರುತ್ತದೆ. ಯಾವ ರಸ್ತೆ, ಯಾವ ಬಸ್ಸು, ಯಾವ ಕೆರೆಯ ಬಗ್ಗೆ ನಾವು ಪ್ರಶ್ನೆ ಕೇಳಬೇಕೋ ಅಲ್ಲಿ ಹೆಸರಿರಲಿ. ಮತದಾನದ ದಿನ ಅಲ್ಲಿಗೆ ಹೋಗಲು ಆಗ್ತದಾ ಅನ್ನೋದನ್ನೂ ಯೋಚಿಸಿರಿ.

ಮಾಡೋದು ಹೇಗೆ?

1. ಮೊದಲ ಸಲ ಸೇರಿಸೋರಿಗೆ ಫಾರ್ಮ್ 6. ಚುನಾವಣಾ ಆಯೋಗದ ಪೋರ್ಟಲ್ಲಿನಲ್ಲಿ ಮೊಬೈಲಿನಿಂದಲೇ ತುಂಬಬಹುದು, ಇಲ್ಲವೇ ಊರಿನ ಬೂತ್ ಮಟ್ಟದ ಅಧಿಕಾರಿಯ ಕೈಗೆ ಕೊಡಬಹುದು.

2. ಒಂದು ಫೋಟೊ, ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ವಿಳಾಸಕ್ಕೆ ಆಧಾರ್ ಅಥವಾ ಬ್ಯಾಂಕ್ ಪಾಸ್‌ಬುಕ್ ಸಾಕು.

3. ಈಗಾಗಲೇ ಹೆಸರಿದ್ದು ವಿಳಾಸ ಬದಲಿಸೋದಿದ್ದರೆ, ಕಾರ್ಡಿನ ತಪ್ಪು ತಿದ್ದೋದಿದ್ದರೆ ಫಾರ್ಮ್ 8. ಮತ್ತೆ ಫಾರ್ಮ್ 6 ತುಂಬಬೇಡಿ, ಹೆಸರು ಎರಡು ಕಡೆ ಬಂದು ತೊಂದರೆ ಆಗ್ತದೆ.

4. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ 1ನೇ ತಾರೀಕು ಅರ್ಹತಾ ದಿನಾಂಕಗಳು. ಅಕ್ಟೋಬರ್ 2ಕ್ಕೆ 18 ತುಂಬಿದರೆ ಜನವರಿ 1ರ ಲೆಕ್ಕಕ್ಕೆ ಬರ್ತೀರಿ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು.

5. ಅರ್ಜಿಯ ರೆಫರೆನ್ಸ್ ನಂಬರ್ ಬರೆದಿಟ್ಟುಕೊಂಡು ಸ್ಥಿತಿ ನೋಡ್ತಾ ಇರಿ. ಗೊಂದಲವಾದರೆ ಸಹಾಯವಾಣಿ 1950.

ಇಂಟರ್ನಲ್ಸ್‌ಗೆ ಹಿಂದಿನ ರಾತ್ರಿ ಓದೋ ನಮ್ಮ ಅಭ್ಯಾಸ ಇಲ್ಲಿ ನಡೆಯೋದಿಲ್ಲ. ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದರೆ ಆ ಚುನಾವಣೆಗೆ ಹೊಸ ಹೆಸರು ಸೇರುವುದಿಲ್ಲ, ಅರ್ಜಿ ಪರಿಶೀಲನೆಗೂ ದಿನ ಬೇಕು. ಕಿಸೆಯಲ್ಲಿ ಕಾರ್ಡ್ ಇದ್ದರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಬೂತಿನಿಂದ ವಾಪಸ್ ಬರಬೇಕಾಗ್ತದೆ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್ ಅಥವಾ ಡ್ರೈವಿಂಗ್ ಲೈಸೆನ್ಸ್ ತೋರಿಸಿಯೂ ಮತ ಹಾಕಬಹುದು.

ಆದ್ದರಿಂದ ಈ ಭಾನುವಾರ ರೂಮಿನಲ್ಲಿ ಇರೋರೆಲ್ಲ ಒಟ್ಟಿಗೆ ಕೂತು ಪಟ್ಟಿಯಲ್ಲಿ ಹೆಸರು ಹುಡುಕೋಣ. ಇಲ್ಲದವರ ಫಾರ್ಮ್ ಅಲ್ಲೇ ತುಂಬೋಣ. ಊರಿಗೆ ಫೋನ್ ಮಾಡಿದಾಗ ಅವ್ವ, ಅಪ್ಪ, ಅಜ್ಜಿಯ ಹೆಸರೂ ಇದೆಯಾ ಅಂತ ಒಮ್ಮೆ ನೋಡಿಬಿಡೋಣ.